ಸಬ್‌ವೂಫರ್‌ಗೆ ಯಾವ ಕನೆಕ್ಷನ್: ಒಂದು ಆರ್‌ಸಿಎ ಸಾಕಾ, ಸ್ಪೀಕರ್ ವೈರ್ ಎಳೀಬೇಕಾ, ಇಲ್ಲಾ ಬೇರೆ ಆಂಪೇ ಬೇಕಾ?

ಹೋದ ತಿಂಗಳು ಮೂರು ಜನ ನನ್ನ ಹತ್ರ ಒಂದೇ ಪ್ರಶ್ನೆ ಕೇಳಿದ್ರು, ಆದ್ರೆ ಮೂವರ ಮನೇಲಿರೋ ಸಾಮಾನೂ ಬೇರೆ ಬೇರೆ. ಒಬ್ರು ಹೊಸ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್ ಲೆಕ್ಕದ ಹೋಂ ಥಿಯೇಟರ್ ಆಂಪ್) ತಗೊಂಡು ಸಬ್, ಅಂದ್ರೆ ಬೇಸ್‌ಗೇ ಅಂತ ಇರೋ ಸಬ್‌ವೂಫರ್, ಹುಡುಕ್ತಿದಾರೆ. ಇನ್ನೊಬ್ರ ಮನೇಲಿ ಹಳೇ ಡಿವಿಡಿ ಹೋಂ ಥಿಯೇಟರ್ ಸತ್ತೋಗಿದೆ, ಸಬ್ ಡಬ್ಬ ಮಾತ್ರ ಗಟ್ಟಿಮುಟ್ಟಾಗಿದೆ, ಅದನ್ನ ಬೇರೆ ಆಂಪ್‌ಗೆ ಹಾಕ್ಬೋದಾ ಅಂತ. ಮೂರನೆಯವ್ರು ಕಾರ್ ಮಾರೋವಾಗ ಡಿಕ್ಕಿಯಲ್ಲಿದ್ದ 12 ಇಂಚಿನ ಸಬ್ ಬಿಚ್ಚಿಟ್ಕೊಂಡಿದಾರೆ, ಈಗ ಅದು ಮಂಚದ ಕೆಳಗೆ ಧೂಳು ತಿಂತಿದೆ. ಮೂವರಿಗೂ ಒಂದೇ ಉತ್ತರ ಕೊಟ್ರೆ ಯಾರದ್ದಾದ್ರೂ ಒಬ್ರದ್ದು ಆಂಪ್ ಸುಡೋದು ಗ್ಯಾರಂಟಿ, ಅದಕ್ಕೇ ಎಲ್ಲಾ ಸೇರಿಸಿ ಒಂದೇ ಕಡೆ ಬರೀತಿದೀನಿ.

ವೈರ್ ಮುಟ್ಟೋಕೆ ಮುಂಚೆ ಏನೇನ್ ನೋಡ್ಕೋಬೇಕು

ಮೊದಲು ಸಬ್ ತಿರುಗಿಸಿ ಹಿಂದೆ ನೋಡಿ. ಕರೆಂಟ್ ವೈರ್, ವಾಲ್ಯೂಮ್ ತಿರುಪು, ಆರ್‌ಸಿಎ ತೂತು (ಡಿವಿಡಿ, ಟಿವಿ ಹಿಂದೆ ಇರೋ ದುಂಡನೆ ಆಡಿಯೋ ಸಾಕೆಟ್) ಇದ್ರೆ ಅದು ಆಕ್ಟಿವ್, ಅಂದ್ರೆ ಆಂಪ್ ಅದರ ಹೊಟ್ಟೇಲೇ ಇದೆ. ಬರೀ ಕೆಂಪು ಕಪ್ಪು ಕ್ಲಿಪ್ಪು ಇಲ್ಲಾ ಡಬ್ಬದಿಂದ ನೇರ ಹೊರಗೆ ಬಂದಿರೋ ಎರಡು ವೈರ್ ಇದ್ರೆ ಪ್ಯಾಸಿವ್, ಅದಕ್ಕೆ ಹೊರಗಿಂದ ಪವರ್ ಕೊಡ್ಲೇಬೇಕು. ಅರ್ಧ ಗೊಂದಲ ಇಲ್ಲೇ ಮುಗಿಯತ್ತೆ.

ಆಮೇಲೆ ರಿಸೀವರ್ ಹಿಂದೆ ಸಬ್‌ವೂಫರ್ ಪ್ರೀಔಟ್ (ಸಬ್ ಔಟ್ ಅಂತಾನೂ ಅಂತಾರೆ) ಅಂತ ಒಂದು ಆರ್‌ಸಿಎ ಇದ್ಯಾ ನೋಡಿ. ಹೋಂ ಥಿಯೇಟರ್ ರಿಸೀವರ್‌ಗಳಲ್ಲಿ ಸಾಮಾನ್ಯವಾಗಿ ಇರತ್ತೆ, ಹಳೇ ಸ್ಟೀರಿಯೋ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಮೂರನೇದು ಓಮ್, ಅಂದ್ರೆ ಸ್ಪೀಕರ್ ಕರೆಂಟ್‌ಗೆ ಒಡ್ಡೋ ತಡೆ, ಕಮ್ಮಿ ಆದಷ್ಟೂ ಆಂಪ್ ಮೇಲೆ ಭಾರ ಜಾಸ್ತಿ, ಇದು ಪ್ಯಾಸಿವ್ ಇಟ್ಕೊಂಡವ್ರಿಗೆ ಮಾತ್ರ ತಲೆನೋವು. ನಾಲ್ಕನೇದು, ಕೆಳಗಿನ ಸೌಂಡನ್ನ ಸೋಸಿ ಸಬ್‌ಗೆ ಕಳಿಸೋ ಕೆಲಸ ಯಾರು ಮಾಡ್ತಾರೆ, ರಿಸೀವರಾ, ಸಬ್ಬಾ, ಇಲ್ಲಾ ಮಧ್ಯದಲ್ಲಿರೋ ಯಾವ್ದಾದ್ರೂ ಬೋರ್ಡಾ? ಇಬ್ರು ಒಟ್ಟಿಗೆ ಸೋಸಿದ್ರೆ ಬೇಸ್ ಸೊರಗತ್ತೆ, ಯಾರೂ ಸೋಸ್ದೆ ಇದ್ರೆ ಸಬ್‌ನಿಂದ ಗಂಡಸರ ಮಾತು ಬಾವಿಯೊಳಗಿಂದ ಬಂದಂಗೆ ಬರತ್ತೆ. ಕೊನೇದು ದೂರ, ಟಿವಿ ಯೂನಿಟ್‌ನಿಂದ ಸಬ್ ಇಡೋ ಜಾಗಕ್ಕೆ ಎಷ್ಟು ಮೀಟರ್, ಮಧ್ಯೆ ಬಾಗಿಲಿದ್ಯಾ ಅನ್ನೋದು. ದುಡ್ಡು ಎಷ್ಟಿದೆ ಅನ್ನೋದು ಈ ಐದೂ ಆದ್ಮೇಲೆ ಬರೋ ಮಾತು.

ಇನ್ನೊಂದು ವಿಷಯ ಗೊತ್ತಿರ್ಲಿ. 5.1 ಅನ್ನೋದ್ರಲ್ಲಿರೋ ಆ ಪಾಯಿಂಟ್ ಒಂದು ಬರೀ ಮುಂದಿನ ಸ್ಪೀಕರ್‌ಗಳ ಬೇಸ್ ಅಲ್ಲ, ಅದು ಬೇರೇನೇ ಟ್ರ್ಯಾಕ್, ಎಲ್‌ಎಫ್‌ಇ ಅಂತಾರೆ. 120 ಹರ್ಟ್ಜ್ ತನಕ ಮಾತ್ರ ಇರತ್ತೆ, ಪ್ಲೇ ಆಗೋವಾಗ ಬೇರೆ ಚಾನಲ್‌ಗಿಂತ 10 ಡಿಬಿ (ಡೆಸಿಬೆಲ್, ಸೌಂಡಿನ ಜೋರಿನ ಅಳತೆ) ಜಾಸ್ತಿ ಕೊಟ್ಟಿರ್ತಾರೆ. ಸಿನಿಮಾದಲ್ಲಿ ಬಾಂಬು, ಗುಡುಗು ಎದೆಗೆ ಬಂದು ಬಡಿಯೋದು ಹೆಚ್ಚಾಗಿ ಇದ್ರಿಂದ. ನೀವು ಆರಿಸ್ಕೊಳ್ಳೋ ಕನೆಕ್ಷನ್ ಈ ಟ್ರ್ಯಾಕನ್ನ ಸಬ್‌ಗೆ ತಲುಪ್ಸತ್ತಾ ಇಲ್ವಾ ಅನ್ನೋದು ಸಿನಿಮಾ ನೋಡೋರಿಗೆ ದೊಡ್ಡ ವಿಷಯ, ಹಾಡು ಮಾತ್ರ ಕೇಳೋರಿಗೆ ಏನೂ ಅಲ್ಲ.

ಆಕ್ಟಿವ್ ಸಬ್, ಒಂದೇ ಒಂದು ಆರ್‌ಸಿಎ

ರಿಸೀವರ್ ಇದೆ, ಸಿನಿಮಾನೇ ಜಾಸ್ತಿ ಅಂದ್ರೆ ಕಣ್ಮುಚ್ಕೊಂಡು ಇದನ್ನೇ ಮಾಡಿ. ರಿಸೀವರ್‌ನ ಸಬ್ ಔಟ್‌ನಿಂದ ಸಬ್‌ನ ಎಲ್‌ಎಫ್‌ಇ ಇನ್‌ಪುಟ್‌ಗೆ ಒಂದು ಕೇಬಲ್, ಅಷ್ಟೇ. ಎಲ್‌ಎಫ್‌ಇ ಅಂತ ಬರೆದಿಲ್ಲ, ಲೆಫ್ಟ್ ರೈಟ್ ಎರಡೇ ತೂತು ಇವೆ ಅಂದ್ರೆ ಲೆಫ್ಟ್‌ಗೆ ಹಾಕಿ. ಸಬ್ ಸಿಗ್ನಲ್ ಮೊನೋ, ಆದ್ರಿಂದ ಎರಡು ಕೇಬಲ್ ಬೇಕೇಬೇಕು ಅಂತ ಅಂಗಡಿಯವ್ರು ಹೇಳಿದ್ರೆ ನಕ್ಕು ಬನ್ನಿ. ವೈ ಸ್ಪ್ಲಿಟರ್ ಹಾಕಿ ಎರಡೂ ತೂತಿಗೆ ಕೊಟ್ರೆ ತುಂಬಾ ಸಬ್‌ಗಳಲ್ಲಿ ಸಿಗ್ನಲ್ 6 ಡಿಬಿ ತನಕ ಏರತ್ತೆ, ಇದು ಉಪಯೋಗಕ್ಕೆ ಬರೋದು ಒಂದೇ ಕಡೆ: ಕೆಲವು ಸಬ್‌ಗಳ ಆಟೋ ಆನ್ ಮಂಕು, ರಾತ್ರಿ ಸೌಂಡ್ ಕಮ್ಮಿ ಇಟ್ಟು ನೋಡೋವಾಗ ಅರ್ಧ ಸಿನಿಮಾದಲ್ಲಿ ನಿದ್ದೆ ಹೋಗ್ಬಿಡತ್ತೆ, ಸಿಗ್ನಲ್ ಜಾಸ್ತಿ ಆದ್ರೆ ಎಚ್ಚರ ಇರತ್ತೆ.

ವೈರ್ ಹಾಕಿದ್ಮೇಲೆ ಸೆಟ್ಟಿಂಗೇ ಮುಖ್ಯ, ಇಲ್ಲೇ ಜನ ಎಡವೋದು. ರಿಸೀವರ್‌ನಲ್ಲಿ ಮುಂದಿನ ಸ್ಪೀಕರ್‌ಗಳನ್ನ ಸ್ಮಾಲ್ ಅಂತ ಮಾಡಿ, ಕ್ರಾಸೋವರ್, ಅಂದ್ರೆ ಸೋಸೋ ಗಡಿ, 80 ಹರ್ಟ್ಜ್ ಇಡಿ. ಟವರ್ ಸ್ಪೀಕರ್ ತಗೊಂಡವ್ರಿಗೆ ಸ್ಮಾಲ್ ಅಂದ್ರೆ ಅವಮಾನ ಆದಂಗೆ ಆಗತ್ತೆ, ಆದ್ರೆ ಅದು ಸೈಜ್‌ಗೆ ಹೇಳೋ ಮಾತಲ್ಲ, ಕೆಳಗಿನ ಸೌಂಡ್ ಸಬ್‌ಗೆ ಕಳ್ಸು ಅನ್ನೋ ಆರ್ಡರ್ ಅಷ್ಟೇ. ರಿಸೀವರೇ ಸೋಸ್ತಿರೋದ್ರಿಂದ ಸಬ್ ಹಿಂದಿನ ಕ್ರಾಸೋವರ್ ತಿರುಪನ್ನ ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲಾ ಬೈಪಾಸ್ ಇದ್ರೆ ಅದಕ್ಕೆ ಹಾಕಿ. ಸಬ್ ವಾಲ್ಯೂಮ್ ಅರ್ಧಕ್ಕಿಟ್ಟು ರಿಸೀವರ್ ಜೊತೆ ಬಂದಿರೋ ಮೈಕ್ ಹಾಕಿ ಟೆಸ್ಟ್ ಓಡಿಸಿ, ಮುಗಿದ್ಮೇಲೆ ಸಬ್ ಲೆವೆಲ್ ಮೈನಸ್ 12 ಅಂತ ತೋರ್ಸಿದ್ರೆ ರಿಸೀವರ್ ಇನ್ನೂ ಇಳಿಸೋಕೆ ಜಾಗ ಇಲ್ದೆ ಕೈಚೆಲ್ಲಿದೆ ಅಂತ ಅರ್ಥ, ಸಬ್ ವಾಲ್ಯೂಮ್ ಇಳಿಸಿ ಮತ್ತೆ ಓಡಿಸಿ. ಮೈನಸ್ 5ರ ಆಸುಪಾಸು ಬಂದ್ರೆ ಆರಾಮ.

ಕೇಬಲ್‌ಗೆ ಜಾಸ್ತಿ ಸುರೀಬೇಡಿ. ಶೀಲ್ಡ್ ಸರಿಯಾಗಿರೋ ಯಾವ್ದಾದ್ರೂ ಆಗತ್ತೆ. ಹಾಲ್ ಸುತ್ತು ಹಾಕಿ 10 ಮೀಟರ್ ಎಳೀಬೇಕು ಅಂದ್ರೆ ಡಿಶ್‌ಗೆ ಹಾಕೋ ಆರ್‌ಜಿ6 ಕೇಬಲ್ ತಗೊಂಡು ಎರಡು ತುದಿಗೂ ಆರ್‌ಸಿಎ ಪಿನ್ ಹಾಕಿಸ್ಕೊಂಡ್ರೂ ಚೆನ್ನಾಗೇ ನಡಿಯತ್ತೆ.

ಈ ದಾರೀಲಿ ಬರೋ ಒಂದೇ ಕಾಟ ಅಂದ್ರೆ ಹಮ್. ನಮ್ಮನೇಲಿ ಸಬ್ ಬಂದ ದಿನದಿಂದ ಸಣ್ಣಗೆ ಮ್ಮ್ಮ್ ಅಂತ, ಪಕ್ಕದ ಮನೇಲಿ ಮಿಕ್ಸಿ ಓಡ್ತಿರೋ ಥರ. ಕೇಬಲ್ ಸರಿ ಇಲ್ಲ ಅಂದ್ಕೊಂಡು ದಪ್ಪ ಕೇಬಲ್ ತಂದೆ, ಹಂಗೇ ಇತ್ತು. ಇನ್ನೊಂದ್ ತಂದೆ, ಹಂಗೇ. ಒಂದು ರಾತ್ರಿ ಸಿಟ್ಟಲ್ಲಿ ಹಿಂದಿರೋ ವೈರ್‌ಗಳನ್ನ ಒಂದೊಂದಾಗಿ ಕೀಳ್ತಾ ಬಂದೆ, ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಟಿವಿ ವೈರ್ ತಿರುಗಿಸಿ ತೆಗೆದ ಕೂಡ್ಲೇ ಮನೆಯೆಲ್ಲಾ ನಿಶ್ಶಬ್ದ. ಬೀದಿ ಕಂಬದಿಂದ ಬಂದ ವೈರ್‌ನ ಅರ್ತು, ನಮ್ಮನೆ ಅರ್ತು, ಎರಡೂ ಸೇರಿ ಲೂಪ್ ಆಗಿತ್ತು, ನಮ್ಮ ಕರೆಂಟಿನ 50 ಹರ್ಟ್ಜ್ ಸಬ್‌ಗೆ ನೇರ ಸಿಗ್ತಿತ್ತು. ಆ ವೈರ್‌ಗೆ ಒಂದು ಚಿಕ್ಕ ಐಸೊಲೇಟರ್ ಹಾಕಿದ್ಮೇಲೆ ಸರಿಹೋಯ್ತು. ಮೊದಲು ಸಬ್ಬನ್ನ, ರಿಸೀವರನ್ನ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ, ಆಮೇಲೆ ಈ ವೈರ್ ಕೀಳೋ ಆಟ. ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಕತ್ತರಿಸಿ, ಹಮ್ ಹೋಗತ್ತೆ ಅಂತ ಯಾರಾದ್ರೂ ಹೇಳ್ತಾರೆ. ಹಮ್ ಏನೋ ಹೋಗತ್ತೆ, ಒಳಗೆ ಏನಾದ್ರೂ ಲೀಕ್ ಆದ ದಿನ ಮುಟ್ಟಿದವರೂ ಹೋಗ್ತಾರೆ.

ಆಕ್ಟಿವ್ ಸಬ್, ಸ್ಪೀಕರ್ ವೈರ್ ಮೂಲಕ

ಹಳೇ ಸ್ಟೀರಿಯೋ ಆಂಪ್ ಮೇಲೆ ಪ್ರೀತಿ, ಅದರಲ್ಲಿ ಸಬ್ ಔಟ್ ಇಲ್ಲ ಅನ್ನೋರಿಗೆ ಇದು. ಕೆಲವು ಸಬ್‌ಗಳ ಹಿಂದೆ ಹೈ ಲೆವೆಲ್ ಅಂತ ಸ್ಪೀಕರ್ ಕ್ಲಿಪ್ ಇರತ್ತೆ, ಆಂಪ್‌ನಿಂದ ಸ್ಪೀಕರ್‌ಗೆ ಹೋಗೋ ಅದೇ ಟರ್ಮಿನಲ್‌ನಿಂದ ಇನ್ನೊಂದು ಜೊತೆ ವೈರ್ ಇದಕ್ಕೆ ಕೊಡೋದು. ಆಂಪ್ ಮೇಲೆ ಲೋಡ್ ಬೀಳತ್ತಾ ಅಂತ ಭಯ ಬೇಡ, ಸಬ್ ಇಲ್ಲಿ ಪವರ್ ಎಳ್ಕೊಳ್ಳಲ್ಲ, ಬರೀ ಸಿಗ್ನಲ್ ಕದ್ದು ಕೇಳತ್ತೆ, ತೆಳು ವೈರ್ ಆದ್ರೂ ನಡಿಯತ್ತೆ. ರೆಲ್ ಕಂಪನಿಯವ್ರು ಈ ಥರದ ಕನೆಕ್ಷನ್ನೇ ಮುಖ್ಯ ಅಂತ ಇಟ್ಕೊಂಡು ಸಬ್ ಮಾಡ್ತಾರೆ. ಹಾಡು ಕೇಳೋರಿಗೆ ಇದು ನಿಜಕ್ಕೂ ಹಿಡಿಸತ್ತೆ, ಮೃದಂಗದ ಎಡಗಡೆ ತೊಪ್ಪಿ, ತಬಲದ ಡಗ್ಗ ಇವೆಲ್ಲಾ ಮುಂದಿನ ಸ್ಪೀಕರ್ ಜೊತೆ ಒಂದಾಗಿ ಬೆರೆತಂಗೆ ಕೇಳ್ಸತ್ತೆ. ಸಬ್‌ನ ಕ್ರಾಸೋವರ್ 50, 60 ಹರ್ಟ್ಜ್‌ನಿಂದ ಶುರು ಮಾಡಿ ಕಿವಿಯಲ್ಲೇ ಏರಿಸಿ ಇಳಿಸಿ ನೋಡಿ.

ಕಳ್ಕೊಳ್ಳೋದು ಏನು? ಒಂದು, ಮುಂದಿನ ಸ್ಪೀಕರ್‌ಗಳ ಹೆಗಲಿಂದ ಭಾರ ಇಳಿಯಲ್ಲ, ಅವೂ ಪೂರ್ತಿ ಬೇಸ್ ಹೊಡೀತಾನೇ ಇರ್ತವೆ, ಪುಟ್ಟ ಬುಕ್‌ಶೆಲ್ಫ್ ಆದ್ರೆ ಜೋರಾಗಿ ಕೇಳೋವಾಗ ಬುಸುಗುಡ್ತವೆ. ಎರಡು, 5.1 ರಿಸೀವರ್‌ನಲ್ಲಿ ಹೀಗ್ ಮಾಡಿದ್ರೆ ಎಲ್‌ಎಫ್‌ಇ ಬರಲ್ಲ, ಸಬ್ ಇಲ್ಲ ಅಂತ ಸೆಟ್ಟಿಂಗ್‌ನಲ್ಲಿ ಸುಳ್ಳು ಹೇಳಿದ್ರೆ ಮಾತ್ರ ಅದು ಮುಂದಿನ ಸ್ಪೀಕರ್‌ಗೆ ತಿರುಗತ್ತೆ. ಮೂರನೇದು ಸ್ವಲ್ಪ ಅಪಾಯದ್ದು. ಈಗಿನ ಪುಟ್ಟ ಕ್ಲಾಸ್ ಡಿ ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಅಂದ್ರೆ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರತ್ತೆ, ಸಬ್ ಒಳಗೆ ಎರಡೂ ಕಪ್ಪು ಗ್ರೌಂಡ್‌ಗೆ ಸೇರಿದ್ರೆ ಆಂಪ್ ಶಾರ್ಟ್ ಆಗ್ಬೋದು. ಆಂಪ್ ಮ್ಯಾನ್ಯುಯಲ್‌ನಲ್ಲಿ ಬ್ರಿಡ್ಜ್ ಇಲ್ಲಾ ಬಿಟಿಎಲ್ ಅಂತ ಕಂಡ್ರೆ ಸಬ್ ಕಂಪನಿಯವರನ್ನ ಕೇಳದೆ ಹಾಕ್ಬೇಡಿ.

ಪ್ಯಾಸಿವ್ ಸಬ್ಬನ್ನ ನೇರ ರಿಸೀವರ್ ಸ್ಪೀಕರ್ ಟರ್ಮಿನಲ್‌ಗೆ

ಬೇಡ. ಮುಂದಿನ ಸ್ಪೀಕರ್ 8 ಓಮ್ ಇದೆ, ಅದೇ ಟರ್ಮಿನಲ್‌ಗೆ 4 ಓಮ್ ಸಬ್ ಪ್ಯಾರಲಲ್ ಸೇರಿಸಿದ್ರೆ ಒಟ್ಟು 2.7 ಓಮ್ ಹತ್ರ ಬರತ್ತೆ, ರಿಸೀವರ್ ಹಿಂದೆ 6 ಇಂದ 16 ಓಮ್ ಅಂತ ಬರೆದಿರ್ತಾರೆ. ನಾನು ಇದನ್ನ ಮಾಡಿ ನೋಡಿದೀನಿ, ಅದೂ ಕಡ ತಂದ ರಿಸೀವರ್ ಮೇಲೆ. ಪಾಟ್ ಅಂತ ಪ್ರೊಟೆಕ್ಷನ್‌ಗೆ ಹೋಯ್ತು, ಆನ್ ಮಾಡ್ದೆ, ಮತ್ತೆ ಪಾಟ್, ಮತ್ತೆ ಆನ್ ಮಾಡ್ದೆ. ನಾಲ್ಕನೇ ಸಲ ಪಾಟ್ ಅನ್ನೋ ಬದ್ಲು ಸುಟ್ಟ ವಾರ್ನಿಷ್ ವಾಸನೆ ಬಂತು. ರಿಪೇರಿ ದುಡ್ಡಲ್ಲಿ ಒಂದು ಚಿಕ್ಕ ಆಂಪ್ ಬೋರ್ಡೇ ಬರ್ತಿತ್ತು. ಹಳೇ ಕೆಲವು ಪ್ಯಾಸಿವ್ ಸಬ್‌ಗಳಲ್ಲಿ ಸ್ಪೀಕರ್ ಇನ್, ಸ್ಪೀಕರ್ ಔಟ್ ಎರಡೂ ಇರತ್ತೆ, ಒಳಗೇ ಕಾಯಿಲ್ ಫಿಲ್ಟರ್ ಇರತ್ತೆ, ಅವನ್ನ ಹೀಗೇ ಹಾಕೋಕೆ ಅಂತಾನೇ ಮಾಡಿರೋದು, ಅದೊಂದು ಬಿಟ್ರೆ ಈ ದಾರಿ ಮರ್ತುಬಿಡಿ.

ಪ್ಯಾಸಿವ್ ಸಬ್, ಬೇರೆ ಆಂಪ್ ಇಟ್ಟು

ಸತ್ತ ಡಿವಿಡಿ ಸೆಟ್‌ನವ್ರೂ ಕಾರ್ ಸಬ್‌ನವ್ರೂ ಇಲ್ಲಿ ಬನ್ನಿ. ದಾರಿ ಹೀಗೆ: ರಿಸೀವರ್ ಸಬ್ ಔಟ್, ಅಲ್ಲಿಂದ ಆರ್‌ಸಿಎ, ಒಂದು ಮೊನೋ ಆಂಪ್, ಅಲ್ಲಿಂದ ಸ್ಪೀಕರ್ ವೈರ್, ಸಬ್. ರಿಸೀವರ್ ಇದ್ರೆ ಸೋಸೋ ಕೆಲಸ ಅದೇ ಮಾಡತ್ತೆ, ಬೇರೆ ಫಿಲ್ಟರ್ ಬೋರ್ಡ್ ಬೇಡ. ರಿಸೀವರ್ ಇಲ್ಲ, ಟಿವಿ ಹೆಡ್‌ಫೋನ್ ಔಟ್‌ನಿಂದ ತರ್ತೀನಿ ಅನ್ನೋರಿಗೆ 4558 ಐಸಿ ಇರೋ ಲೋ ಪಾಸ್ ಫಿಲ್ಟರ್ ಬೋರ್ಡ್ ಮಧ್ಯದಲ್ಲಿ ಬೇಕೇಬೇಕು.

ಯಾವ ಆಂಪ್? ಬೆಂಗ್ಳೂರಿನ ಎಸ್‌ಪಿ ರೋಡ್‌ಗೆ ಹೋದ್ರೆ ಮೊದಲು ಕೈಗೆ ಕೊಡೋದೇ 4440 ಬೋರ್ಡು, ಡಬಲ್ 4440, 200 ವ್ಯಾಟ್ ಸಾರ್ ಅಂತಾರೆ. ಎಲ್‌ಎ4440 ಐಸಿಯ ಡೇಟಾಶೀಟ್‌ನಲ್ಲಿರೋದು ಬ್ರಿಡ್ಜ್ ಮಾಡಿದ್ರೆ, ಅಂದ್ರೆ ಎರಡೂ ಚಾನಲ್ ಸೇರಿಸಿ ಒಂದೇ ಸ್ಪೀಕರ್‌ಗೆ ಕೊಟ್ರೆ, 19 ವ್ಯಾಟ್, ಸ್ಟೀರಿಯೋದಲ್ಲಿ ಒಂದೊಂದು ಕಡೆ 6. ಅದು ಕೆಟ್ಟ ಐಸಿ ಏನಲ್ಲ, ಊರೂರಲ್ಲಿ ಆಟೋ, ಟ್ರ್ಯಾಕ್ಟರ್‌ಗಳಲ್ಲಿ ಹಾಡಿಸಿ ಸೈ ಅನ್ನಿಸ್ಕೊಂಡಿರೋದೇ, ಆದ್ರೆ ಸಿನಿಮಾ ಬೇಸ್‌ಗೆ ಅದು ಸಾಲಲ್ಲ. ಅದಕ್ಕಿಂತ ಮೇಲೆ ಟಿಪಿಎ3116 ಮೊನೋ ಬೋರ್ಡು, 21 ವೋಲ್ಟ್ ಕೊಟ್ಟು 2 ಓಮ್ ಹಾಕಿದ್ರೆ 100 ವ್ಯಾಟ್ ತನಕ, ಹಳೇ ಲ್ಯಾಪ್‌ಟಾಪ್‌ನ 19 ವೋಲ್ಟ್ ಚಾರ್ಜರ್ ಮೇಲೇ ಓಡತ್ತೆ. ಡಿವಿಡಿ ಸೆಟ್‌ನ ಸಬ್‌ಗೆ ಇದು ಧಾರಾಳ ಸಾಕು. ಇನ್ನೂ ದೊಡ್ಡದು ಬೇಕಂದ್ರೆ 5200, 1943 ಟ್ರಾನ್ಸಿಸ್ಟರ್ ಬೋರ್ಡು, ಅದಕ್ಕೆ ತೂಕದ ಟ್ರಾನ್ಸ್‌ಫಾರ್ಮರ್ ಬೇಕು, ಡಬ್ಬ ಬೇಕು, ಹೀಟ್‌ಸಿಂಕ್ ಬೇಕು, ಬೆಸುಗೆ ಬರ್ಬೇಕು, ಎಲ್ಲಾ ಸೇರಿಸಿದ್ರೆ ಸೆಕೆಂಡ್‌ಹ್ಯಾಂಡ್ ಆಕ್ಟಿವ್ ಸಬ್ ರೇಟಿನ ಹತ್ರ ಬಂದಿರ್ತೀರ. ಬೆಸುಗೆ ಹಾಕೋದೇ ಖುಷಿ ಅನ್ನೋರು ಮಾಡಿ, ದುಡ್ಡು ಉಳ್ಸೋಕೆ ಅಂತ ಮಾಡ್ಬೇಡಿ.

ಓಮ್ ಲೆಕ್ಕ ಈಗ. ಡಿವಿಡಿ ಸೆಟ್‌ಗಳ ಸಬ್ ಹಿಂದೆ 3 ಓಮ್, 4 ಓಮ್ ಅಂತ ಚೀಟಿ ಇರತ್ತೆ, ಆಂಪ್ ಅಷ್ಟು ಕೆಳಗೆ ತಡಿಯತ್ತಾ ನೋಡಿ. ಕಾರ್ ಸಬ್‌ಗಳಲ್ಲಿ ಡ್ಯುಯಲ್ ವಾಯ್ಸ್ ಕಾಯಿಲ್ (ಒಂದೇ ಸಬ್‌ನಲ್ಲಿ ಎರಡು ತಂತಿ ಸುರುಳಿ) ಜಾಸ್ತಿ, 4 ಪ್ಲಸ್ 4 ಅಂದ್ರೆ ಸೀರೀಸ್ ಮಾಡಿದ್ರೆ 8, ಪ್ಯಾರಲಲ್ ಮಾಡಿದ್ರೆ 2. ಒಂದು ಕಾಯಿಲ್ ಮಾತ್ರ ಹಾಕಿ ಇನ್ನೊಂದು ಖಾಲಿ ಬಿಡೋದು ಬೇಡ, ಪವರ್ ತಡ್ಕೊಳ್ಳೋ ಶಕ್ತಿ ಅರ್ಧ ಆಗತ್ತೆ. ಪ್ಲಸ್ ಮೈನಸ್ ಒಂದು ಕಾಯಿಲ್‌ಗೆ ಉಲ್ಟಾ ಆದ್ರೆ ಎರಡೂ ಒಂದನ್ನೊಂದು ಎಳೆದಾಡಿ ಸೌಂಡೇ ಬರಲ್ಲ, ಸಬ್ ಹೋಗಿದೆ ಅಂತ ಎಸೀಬೇಡಿ. ವೈರ್‌ಗೆ ಮನೆ ವೈರಿಂಗ್‌ಗೆ ಹಾಕೋ 1.5 ಸ್ಕ್ವೇರ್ ಎಂಎಂ ತಾಮ್ರದ್ದು ಸಾಕು, ದೂರ ಜಾಸ್ತಿ ಇದ್ರೆ 2.5.

ಕಾರ್ ಸಬ್‌ಗೆ ಕಾರಿನ ಆಂಪೇ ಹಾಕ್ತೀನಿ ಅನ್ನೋರು ಈ ಲೆಕ್ಕ ನೋಡಿ: ಆಂಪ್ ನಿಜವಾಗ್ಲೂ 300 ವ್ಯಾಟ್ ಕೊಡ್ಬೇಕಂದ್ರೆ ಸುಮಾರು 375 ವ್ಯಾಟ್ ಎಳ್ಯತ್ತೆ, 12 ವೋಲ್ಟ್‌ನಲ್ಲಿ 30 ಆಂಪಿಯರ್ ದಾಟತ್ತೆ. ಎಲ್‌ಇಡಿ ಬೋರ್ಡ್‌ಗೆ ಹಾಕೋ 10 ಆಂಪಿಯರ್ ಎಸ್‌ಎಂಪಿಎಸ್ ಪವರ್ ಸಪ್ಲೈ ತಂದು ಹಾಕಿದ್ರೆ ಪ್ರತಿ ಬೇಸ್ ಹೊಡೆತಕ್ಕೂ ಸಪ್ಲೈ ಕುಸಿದು ಆಂಪ್ ಆಫ್ ಆಗತ್ತೆ. ಇನ್ನೊಂದು, ಕಾರಲ್ಲಿ ಎದೆ ನಡುಗಿಸ್ತಿದ್ದ ಅದೇ ಸಬ್ ಹಾಲ್‌ನಲ್ಲಿ ಸಪ್ಪೆ ಅನ್ಸತ್ತೆ, ಯಾಕಂದ್ರೆ ಕಾರಿನ ಚಿಕ್ಕ ಜಾಗ ಕೆಳಗಿನ ಬೇಸ್‌ನ ತಾನಾಗೇ ಎತ್ತಿ ಕೊಡ್ತಿತ್ತು. ಡಬ್ಬ ದೊಡ್ಡದು ಮಾಡಿಸಿ ನೋಡ್ಬೋದು. ನಾನು ಆ ಮೂರನೆಯವ್ರಿಗೆ ಹೇಳಿದ್ದು, ಸಬ್ ಮಾರಿ ಆ ದುಡ್ಡನ್ನ ಆಕ್ಟಿವ್ ಸಬ್‌ಗೆ ಸೇರ್ಸಿ ಅಂತ, ಅವ್ರು ಕೇಳಲಿಲ್ಲ, ಪ್ಲೈವುಡ್ ತಂದಿದಾರಂತೆ.

ವೈರ್‌ಲೆಸ್

ಬಾಡಿಗೆ ಮನೆ, ಗೋಡೆ ಕೊರೆಯಂಗಿಲ್ಲ, ಬಾಗಿಲು ಅಡ್ಡ ಅಂದ್ರೆ ಮಾತ್ರ. ಟ್ರಾನ್ಸ್‌ಮಿಟರ್ ಒಂದು ರಿಸೀವರ್ ಹಿಂದೆ, ಇನ್ನೊಂದು ತುಂಡು ಸಬ್ ಹಿಂದೆ. ಸೌಂಡ್ ಕೆಲವು ಮಿಲಿಸೆಕೆಂಡ್ ತಡ ಆಗತ್ತೆ, 20 ಮಿಲಿಸೆಕೆಂಡ್ ಅಂದ್ರೆ ಸಬ್ ಸುಮಾರು 7 ಮೀಟರ್ ದೂರ ಹೋದಂಗೆ ಲೆಕ್ಕ. ಮೈಕ್ ಟೆಸ್ಟ್ ಓಡಿಸಿದ್ರೆ ರಿಸೀವರ್ ಅದನ್ನ ದೂರ ಅಂತಾನೇ ತಿಳ್ಕೊಂಡು ಸರಿಮಾಡತ್ತೆ, ಎದುರಿಗಿರೋ ಸಬ್‌ನ ಮೆನುವಿನಲ್ಲಿ 9 ಮೀಟರ್ ಅಂತ ತೋರ್ಸಿದ್ರೆ ಗಾಬರಿಯಾಗಿ ತಿದ್ದೋಕ್ ಹೋಗ್ಬೇಡಿ. ಮ್ಯೂಸಿಕ್ ಕೇಳೋಕೆ ಇರೋ ಅಗ್ಗದ ಬ್ಲೂಟೂತ್ ಅಡಾಪ್ಟರ್ ಇದಕ್ಕೆ ಹಾಕ್ಬೇಡಿ, ತಡ ಇನ್ನೂ ಜಾಸ್ತಿ. ಸೌಂಡ್‌ಬಾರ್ ಜೊತೆ ಬಂದ ವೈರ್‌ಲೆಸ್ ಸಬ್‌ಗೆ ಸಾಮಾನ್ಯವಾಗಿ ಆ ಬಾರ್ ಮಾತು ಬಿಟ್ರೆ ಬೇರೆಯವ್ರ ಮಾತು ಅರ್ಥ ಆಗಲ್ಲ, ಅದನ್ನ ರಿಸೀವರ್‌ಗೆ ಹಾಕ್ಬೋದು ಅಂತ ಸೆಕೆಂಡ್‌ಹ್ಯಾಂಡ್ ತಗೋಬೇಡಿ.

ಒಂದು ದೊಡ್ಡದಾ, ಎರಡು ಚಿಕ್ಕದಾ

ಈ ಪ್ರಶ್ನೆಗೆ ನನ್ನ ಓಟು ಎರಡು ಚಿಕ್ಕದಕ್ಕೆ, ಕಾರಣ ಇದೆ. ನಮ್ಮ ಕಡೆ ಹಾಲ್ 12 ಅಡಿ ಉದ್ದ ಅಂದ್ಕೊಳ್ಳಿ, ಆ ಉದ್ದಕ್ಕೆ 47 ಹರ್ಟ್ಜ್ ಹತ್ರ ಬೇಸ್ ಗೋಡೆಗಳ ಮಧ್ಯೆ ಜೋಕಾಲಿ ಆಡೋಕೆ ಶುರು ಮಾಡತ್ತೆ. ಗೋಡೆ ಪಕ್ಕ ಗುಂಯ್ ಅನ್ನತ್ತೆ, ಸರಿಯಾಗಿ ಮಧ್ಯದಲ್ಲಿ ಕೂತವನಿಗೆ ಏನೂ ಕೇಳಲ್ಲ. ಸಬ್ ಎಷ್ಟೇ ದೊಡ್ಡದು ತಂದ್ರೂ ಆ ತೂತು ತುಂಬಲ್ಲ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರ್ಸಿದ್ದು, ಎದುರು ಬದುರು ಗೋಡೆಗಳ ನಡುಮಧ್ಯ ಒಂದೊಂದು ಸಬ್ ಇಟ್ರೆ ಸೋಫಾದ ಎಲ್ಲಾ ಸೀಟಿಗೂ ಬೇಸ್ ಹೆಚ್ಚುಕಮ್ಮಿ ಸಮ ಬರತ್ತೆ ಅಂತ. ಒಬ್ರೇ ಕೂತು ನೋಡೋರಿಗೆ ಒಂದೇ ಸಾಕು, ಮನೆಮಂದಿ ಎಲ್ಲಾ ಕೂರ್ತಾರೆ ಅಂದ್ರೆ ಎರಡು.

ಎರಡು ಆಕ್ಟಿವ್ ಸಬ್ ಕೊಡೋದು ಸುಲಭ. ಸೋನಿಯ ಎಸ್‌ಟಿಆರ್ ಡಿಎಚ್590 ಥರ ಕಮ್ಮಿ ರೇಟಿನದ್ರಲ್ಲೂ ಎರಡು ಸಬ್ ಔಟ್ ಇವೆ, ಆದ್ರೆ ಅಗ್ಗದ ರಿಸೀವರ್‌ಗಳಲ್ಲಿ ಎರಡಕ್ಕೂ ಹೋಗೋದು ಒಂದೇ ಸಿಗ್ನಲ್, ಅಂದ್ರೆ ಒಂದೇ ಔಟ್‌ಗೆ ವೈ ಸ್ಪ್ಲಿಟರ್ ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ, 5.2 ಥರ ಕೊನೇಲಿ .2 ಅಂತ ಬರೆದಿದ್ದಕ್ಕೆ ದುಡ್ಡು ಜಾಸ್ತಿ ಕೊಡ್ಬೇಡಿ. ಡೆನಾನ್ ಎಕ್ಸ್3800ಎಚ್ ಥರದ್ದಾದ್ರೆ ನಾಲ್ಕು ಔಟ್, ಒಂದೊಂದಕ್ಕೂ ಬೇರೆ ದೂರ, ಬೇರೆ ಲೆವೆಲ್ ಕೊಡ್ಬೋದು, ಅದರ ಬೆಲೆ ಬೇರೆ ಲೋಕದ್ದು. ಎರಡೂ ಒಂದೇ ಮಾಡೆಲ್ ಇದ್ರೆ ಒಳ್ಳೇದು, 12 ಇಂಚಿನ ಜೊತೆ 8 ಇಂಚು ಹಾಕಿದ್ರೆ ಚಿಕ್ಕದು ಉಸಿರುಗಟ್ಟತ್ತೆ. ಎರಡು ಪ್ಯಾಸಿವ್ ಆದ್ರೆ ಮತ್ತೆ ಓಮ್ ಲೆಕ್ಕಕ್ಕೆ ಹೋಗ್ಬೇಕು, 4 ಓಮ್ ಎರಡು ಪ್ಯಾರಲಲ್ ಅಂದ್ರೆ 2, ಸೀರೀಸ್ ಅಂದ್ರೆ 8.

ಹಂಗಾದ್ರೆ ಕೈಯಲ್ಲಿರೋ ದುಡ್ಡಿಗೆ ಯಾವುದು? ಸುಮ್ನೆ ಪ್ರಯೋಗ, ಹಳೇ ಡಬ್ಬ ಇದೆ ಅಂದ್ರೆ 3116 ಬೋರ್ಡು, ಹಳೇ ಚಾರ್ಜರ್, ಮುಗೀತು, ಅದರಿಂದ ಸಿನಿಮಾ ಥಿಯೇಟರ್ ನಿರೀಕ್ಷೆ ಬೇಡ. ರಿಸೀವರ್ ಇದೆ, ಒಂದು ಸಲ ಖರ್ಚು ಮಾಡ್ತೀನಿ ಅನ್ನೋರು 10 ಇಂಚಿನ ಆಕ್ಟಿವ್ ತಗೊಳ್ಳಿ, ಒಂದು ವರ್ಷ ಬಿಟ್ಟು ಅದೇ ಮಾಡೆಲ್ ಇನ್ನೊಂದು. ಸ್ಟೀರಿಯೋ ಆಂಪ್‌ನವ್ರು ತಗೊಳ್ಳೋಕೆ ಮುಂಚೆ ಹೈ ಲೆವೆಲ್ ಕ್ಲಿಪ್ ಇದ್ಯಾ ಅಂತ ಹಿಂಭಾಗದ ಫೋಟೋ ತರಿಸ್ಕೊಂಡು ನೋಡಿ, ಮುಂದಿನ ಫೋಟೋದಲ್ಲಿ ಎಲ್ಲಾ ಸಬ್ಬೂ ಒಂದೇ ಥರ ಕಪ್ಪು ಡಬ್ಬ.

ತಂದ ಮೇಲೆ ಎಲ್ಲಿಡೋದು ಅಂತ ಒಂದು ಹಳೇ ಉಪಾಯ. ಸಬ್ಬನ್ನ ಎತ್ತಿ ನೀವು ಕೂರೋ ಸೋಫಾ ಮೇಲಿಟ್ಟು ಬೇಸ್ ಇರೋ ಒಂದೇ ಹಾಡು ಹಾಕಿ, ಗೋಡೆ ಪಕ್ಕ ಮಂಡಿ ಊರಿ ತೆವಳ್ತಾ ಕೇಳಿ, ಎಲ್ಲಿ ಬೇಸ್ ಗಟ್ಟಿಯಾಗಿ, ಗುಂಯ್ ಅನ್ನದೆ ಕೇಳತ್ತೋ ಅಲ್ಲೇ ಸಬ್ ಇಡಿ. ನಾನು ಹೀಗೆ ತೆವಳ್ತಿದ್ದಾಗ ನಮ್ಮಮ್ಮ ಬಂದು ಏನ್ ಕಳೆದೋಯ್ತೋ ಅಂತ ಟಾರ್ಚ್ ತಂದುಕೊಟ್ರು. ಜಾಗ ಆದ್ಮೇಲೆ ಸಬ್ ಹಿಂದಿರೋ ಫೇಸ್ (phase) ಸ್ವಿಚ್ಚು, ಸಬ್ಬೂ ಸ್ಪೀಕರೂ ಒಂದೇ ತಾಳಕ್ಕೆ ತರೋದು ಇದು: ಮೊಬೈಲ್‌ನಲ್ಲಿ 80 ಹರ್ಟ್ಜ್ ಟೋನ್ ಹಾಕಿ ಮುಂದಿನ ಸ್ಪೀಕರ್, ಸಬ್ ಎರಡೂ ಹಾಡೋ ಥರ ಮಾಡಿ, ಸೀಟಲ್ಲಿ ಕೂತು ಇನ್ನೊಬ್ರ ಕೈಲಿ 0 ಇಂದ 180ಕ್ಕೆ ಹಾಕಿಸಿ ನೋಡಿ, ಯಾವುದ್ರಲ್ಲಿ ಜೋರೋ ಅದನ್ನೇ ಬಿಡಿ.

ಅಪಾರ್ಟ್‌ಮೆಂಟ್‌ನವ್ರು ಕೇಳ್ತಾರೆ, ಕೆಳಗೆ ರಬ್ಬರ್ ಪ್ಯಾಡ್ ಹಾಕಿದ್ರೆ ಕೆಳಗಿನ ಮನೆಗೆ ಕೇಳಲ್ವಾ ಅಂತ. ನೆಲದ ನಡುಕ ಸ್ವಲ್ಪ ಕಮ್ಮಿ ಆಗತ್ತೆ, ಗಾಳಿಯಲ್ಲಿ ಹೋಗೋ ಬೇಸ್ ಹೋಗೇ ಹೋಗತ್ತೆ. ರಾತ್ರಿ ಹತ್ತಾದ್ಮೇಲೆ ರಿಸೀವರ್‌ನ ನೈಟ್ ಮೋಡ್ ಹಾಕಿ ಸಬ್ ಲೆವೆಲ್ 5 ಡಿಬಿ ಇಳಿಸಿ, ನಾವು ಹಂಗೇ ಮಾಡೋದು, ಕೆಳಗಿನ ಮನೆ ಅಂಕಲ್ ಈಗ ಲಿಫ್ಟಲ್ಲಿ ಸಿಕ್ಕಿದ್ರೆ ಮಾತಾಡ್ತಾರೆ.